ಕಲ್ಲು ಸುಳ್ಳೋ, ವಾಚು ಸುಳ್ಳೋ?

ಬೆಳಿಗ್ಗೆ ಬಾಗಿಲು ತೆಗೆದರೆ ನಮ್ಮ ಮನೆಗೆ ಮೊದಲು ಕಾಣುವುದು ಸ್ಕಂದಗಿರಿ. ಚಿಕ್ಕಬಳ್ಳಾಪುರದ ಹಳಬರು ಈಗಲೂ ಅದನ್ನು ಕಳವಾರ ಬೆಟ್ಟ ಎಂದೇ ಕರೆಯುತ್ತಾರೆ. ಸಮುದ್ರಮಟ್ಟದಿಂದ ಸುಮಾರು 1,450 ಮೀಟರ್ ಎತ್ತರ. ಪಕ್ಕದ ನಂದಿಬೆಟ್ಟಕ್ಕೆ ಬಸ್ಸು, ಕಾರು ಹೋಗುತ್ತವೆ. ಈ ಬೆಟ್ಟಕ್ಕೆ ಕಾಲೇ ಗತಿ. ತಪ್ಪಲಿನ ಪಾಪಾಗ್ನಿ ಮಠದ ಕಡೆಯಿಂದ ಹೊರಟರೆ ಸುಮಾರು 4 ಕಿ.ಮೀ. ಏರಬೇಕು. ಮೇಲೆ ಪಾಳುಬಿದ್ದ ಕೋಟೆಗೋಡೆ, ಚಳಿಗಾಲದ ಮುಂಜಾನೆಯಾದರೆ ಕಾಲಕೆಳಗೆ ಮೋಡ.

ವಯಸ್ಸಿನಲ್ಲಿ ಈ ಬೆಟ್ಟವನ್ನು ಎಷ್ಟು ಸಲ ಹತ್ತಿದ್ದೆನೋ ಲೆಕ್ಕವಿಲ್ಲ. ಬೆಂಗಳೂರಿನಲ್ಲಿ 8ನೇ ತರಗತಿ ಓದುವ ಮೊಮ್ಮಗಳಿಗೆ, ‘ಒಂದು ಸಲ ನಿನ್ನನ್ನೂ ಕರ್ಕೊಂಡು ಹೋಗ್ತೀನಿ’ ಎಂದು ಮಾತು ಕೊಟ್ಟಿದ್ದೆ. ಆದರೆ ಕಳೆದ ಯುಗಾದಿ ಆದಮೇಲೆ ನನ್ನ ಎದೆಯೊಳಗೆ ಒಂದು ಸ್ಟೆಂಟ್ ಬಂದು ಕೂತಿತು. ಬೆಟ್ಟದ ಮಾತೆತ್ತಿದಾಗ ಡಾಕ್ಟರು ಹೇಳಿದರು: “ಮೊದಲು ಸಮತಟ್ಟು ರಸ್ತೆಯಲ್ಲಿ ದಿನಾ 4 ಕಿ.ಮೀ. ಏದುಸಿರಿಲ್ಲದೆ ನಡೆಯಿರಿ. ಆಮೇಲೆ ನೋಡೋಣ.”

ಮಗ ಒಂದು ವಾಚು ತಂದು ಕೈಗೆ ಕಟ್ಟಿದ. ಹೆಜ್ಜೆ ಎಣಿಸುತ್ತದೆ, ಎಷ್ಟು ದೂರ ನಡೆದೆವೆಂದು ಹೇಳುತ್ತದೆ. ಜೂನ್‌ನಲ್ಲಿ ಅದು 2 ಕಿ.ಮೀ. ತೋರಿಸುತ್ತಿತ್ತು, ಆಗಸ್ಟ್‌ನಲ್ಲಿ 3. ದಸರಾ ಹತ್ತಿರ ಬರುವಷ್ಟರಲ್ಲಿ ದಿನವೂ 4! ಅದನ್ನು ನೋಡಿ ನಾನು ಒಳಗೊಳಗೇ ಹಿಗ್ಗಿದೆ. ರಜೆಯ ಮೊದಲ ವಾರದಲ್ಲೇ ಡಾಕ್ಟರ ಹತ್ತಿರ ತಪಾಸಣೆ ಇತ್ತು. ಅವರು ಹೂಂ ಅಂದರೆ ಸಾಕು, ಮಾರನೆಯ ದಿನವೇ ಬೆಟ್ಟ ಎಂದು ಲೆಕ್ಕ ಹಾಕಿಕೊಂಡಿದ್ದೆ.

ಕಿಲೋಮೀಟರ್ ಕಲ್ಲಿನ ಜಗಳ

ರಜೆಗೆ ಬಂದ ಮೊಮ್ಮಗಳು ಮೊದಲ ದಿನವೇ ನನ್ನ ಜೊತೆ ವಾಕಿಂಗ್ ಹೊರಟಳು. ರಸ್ತೆ ಬದಿಯ ಕಿಲೋಮೀಟರ್ ಕಲ್ಲಿನ ಹತ್ತಿರ ನಿಂತು ವಾಚನ್ನು ಸೊನ್ನೆಗೆ ತಂದಳು. ಮುಂದಿನ ಕಲ್ಲು ಬಂದಾಗ ನೋಡಿದರೆ ವಾಚು 1.21 ಕಿ.ಮೀ. ತೋರಿಸುತ್ತಿತ್ತು.

“ತಾತ, ಕಲ್ಲು ಸುಳ್ಳೋ, ವಾಚು ಸುಳ್ಳೋ?”

“ಕಲ್ಲೇ ತಪ್ಪಿರಬೇಕಮ್ಮ. ರಸ್ತೆ ಅಗಲ ಮಾಡುವಾಗ ಕಿತ್ತು ಎಲ್ಲೋ ನೆಟ್ಟಿರ್ತಾರೆ” ಎಂದೆ ತಟ್ಟನೆ.

ಅವಳು ನನ್ನ ಮುಖ ನೋಡಿದಳು. “ಸರ್ವೆಯರ್ ತಾತ ಅಳೀದೇನೇ ಹೇಳ್ಬಿಟ್ಟೆಯಲ್ಲ!”

ಹೌದು, ನಾನು ಸರ್ವೆಯರ್ ಆಗಿದ್ದವನು. 34 ವರ್ಷ ಊರೂರು ತಿರುಗಿ ಹೊಲಗದ್ದೆ ಅಳೆದವನು. ಅವಳ ಮಾತು ನನಗೆ ಕೆಲಸಕ್ಕೆ ಸೇರಿದ ಹೊಸದರ ಒಂದು ಪ್ರಸಂಗವನ್ನು ನೆನಪಿಗೆ ತಂದಿತು.

ಆಗ ಅಳೆಯಲು ಕಬ್ಬಿಣದ ಸರಪಳಿ ಇತ್ತು. ಒಂದು ಸರಪಳಿ ಅಂದರೆ 33 ಅಡಿ, ಅದರಲ್ಲಿ 16 ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ಜಾಗವೇ ಒಂದು ಗುಂಟೆ, ಅಂದರೆ 1,089 ಚದರ ಅಡಿ. 40 ಗುಂಟೆಗೆ ಒಂದು ಎಕರೆ. ಎಳೆದೂ ಎಳೆದೂ ಸರಪಳಿಯ ಕೊಂಡಿಗಳು ಸವೆದು ಉದ್ದವಾಗುತ್ತವೆ. ಅದಕ್ಕೇ ಆಗಾಗ ಅದನ್ನು ಸರಿಯಾದ ಅಳತೆಯ ಪಕ್ಕದಲ್ಲಿಟ್ಟು ಪರೀಕ್ಷಿಸಬೇಕು. ನಾನು ಸೋಮಾರಿತನದಿಂದ ಪರೀಕ್ಷಿಸದೆ ಅಣ್ಣತಮ್ಮಂದಿರ ಒಂದು ಹೊಲ ಅಳೆದು ಬಾಂದುಕಲ್ಲು ನೆಡಿಸಿದೆ. ಆಮೇಲೆ ನೋಡಿದರೆ ನನ್ನ ಸರಪಳಿ 3 ಇಂಚು ಉದ್ದವಾಗಿತ್ತು. 20 ಸರಪಳಿಗೆ 60 ಇಂಚು, ಅಂದರೆ 5 ಅಡಿ! ತಮ್ಮನ ಹೊಲದೊಳಗೆ 5 ಅಡಿ ಒಳಕ್ಕೆ ಅಣ್ಣನ ಕಲ್ಲು. ಮರುದಿನವೇ ಹೋಗಿ, ತಪ್ಪು ನನ್ನದು ಎಂದು ಇಬ್ಬರೆದುರೂ ಒಪ್ಪಿಕೊಂಡು ಕಲ್ಲು ಸರಿಸಿದೆ. ಹಿರಿಯ ಸರ್ವೆಯರ್ ಒಬ್ಬರು ಬೈಯಲಿಲ್ಲ. “ಹೊಲ ಅಳೆಯೋಕೆ ಮುಂಚೆ ಸರಪಳೀನ ಅಳಿ” ಎಂದರು, ಅಷ್ಟೆ.

ಅಂಥ ಪಾಠ ಕಲಿತವನು ಈಗ ನಾಲ್ಕು ತಿಂಗಳಿಂದ ಕೈಗೆ ಕಟ್ಟಿಕೊಂಡ ಸರಪಳಿಯನ್ನು ಒಮ್ಮೆಯೂ ಅಳೆದಿರಲಿಲ್ಲ.

ದ್ರಾಕ್ಷಿತೋಟದ ಪಕ್ಕದ ಅರ್ಧ ಕಿಲೋಮೀಟರ್

ಮಾರನೆಯ ಬೆಳಿಗ್ಗೆ ಅಟ್ಟದ ಮೇಲಿದ್ದ 30 ಮೀಟರಿನ ಉಕ್ಕಿನ ಟೇಪು ಇಳಿಸಿದೆ. ನಮ್ಮ ಮನೆಯ ಹಿಂದೆ ದ್ರಾಕ್ಷಿತೋಟಗಳ ನಡುವೆ ನೂಲು ಹಿಡಿದಂಥ ನೇರ ಮಣ್ಣುರಸ್ತೆಯಿದೆ. ಒಂದು ತುದಿ ಅವಳ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ಪ್ರತಿ 30 ಮೀಟರಿಗೆ ನೆಲದಲ್ಲಿ ಒಂದು ಕಡ್ಡಿ ಚುಚ್ಚುತ್ತಾ 16 ಟೇಪು ಅಳೆದು, ಅದಕ್ಕೆ 20 ಮೀಟರ್ ಸೇರಿಸಿ 500 ಮೀಟರಿಗೆ ಗುರುತು ಹಾಕಿದೆವು. ವಾಪಸು ಬರುತ್ತಾ ಇನ್ನೊಮ್ಮೆ ಅಳೆದಾಗ 7 ಸೆಂಟಿಮೀಟರ್ ವ್ಯತ್ಯಾಸ. ಪರವಾಗಿಲ್ಲ ಎಂದೆ.

“ಎರಡೆರಡು ಸಲ ಯಾಕೆ ತಾತ?” ಎಂದಳು. ಕಲ್ಲುಚಪ್ಪಡಿಯ ಮೇಲೆ ಕೂತು ನೀರು ಕುಡಿಯುತ್ತಾ ಅವಳಿಗೆ ಲ್ಯಾಂಬ್ಟನ್ ಸಾಹೇಬನ ಕಥೆ ಹೇಳಿದೆ.

ವಿಲಿಯಂ ಲ್ಯಾಂಬ್ಟನ್ ಬ್ರಿಟಿಷ್ ಸೇನೆಯ ಅಧಿಕಾರಿ. ಇಡೀ ದೇಶವನ್ನು ತ್ರಿಕೋನಗಳಲ್ಲಿ ಅಳೆಯುವ ಮಹಾ ಸರ್ವೆ 1802ರಲ್ಲಿ ಮದ್ರಾಸಿನಲ್ಲಿ ಅವನ ಕೈಯಲ್ಲಿ ಶುರುವಾಯಿತು. ಅದಕ್ಕೂ ಮುಂಚೆ, 1800ರಲ್ಲಿ, ಅವನು ಕೈ ಪಳಗಿಸಿಕೊಂಡದ್ದು ನಮ್ಮ ಬೆಂಗಳೂರಿನ ಹತ್ತಿರ. ಅಲ್ಲಿ ಸುಮಾರು ಏಳೂವರೆ ಮೈಲಿ ಉದ್ದದ ಒಂದು ನೇರ ಗೆರೆಯನ್ನು 100 ಅಡಿಯ ಉಕ್ಕಿನ ಸರಪಳಿಯಿಂದ ಅಳೆದ. ಆ ಸರಪಳಿಯದೇ ಒಂದು ಕಥೆ. ಅದು ಚೀನಾದ ಚಕ್ರವರ್ತಿಗೆಂದು ಇಂಗ್ಲೆಂಡಿನಿಂದ ಹೋದ ಕಾಣಿಕೆಗಳಲ್ಲಿ ಒಂದು. ಚಕ್ರವರ್ತಿಗೆ ಬೇಡವಾಯಿತು, ಸುತ್ತಿಬಳಸಿ ಭಾರತಕ್ಕೆ ಬಂತು. ಉಕ್ಕು ಬಿಸಿಲಿಗೆ ಹಿಗ್ಗುತ್ತದಲ್ಲ? ಅದಕ್ಕೆ ಲ್ಯಾಂಬ್ಟನ್ ಸರಪಳಿಯನ್ನು ಮರದ ಪೆಟ್ಟಿಗೆಗಳಲ್ಲಿ ಮಲಗಿಸಿ, ಪಕ್ಕದಲ್ಲಿ ಥರ್ಮಾಮೀಟರ್ ಇಟ್ಟು ಅಳೆದ. ನಮ್ಮ 30 ಮೀಟರಿನ ಟೇಪು ಕೂಡ 10 ಡಿಗ್ರಿ ಬಿಸಿ ಏರಿದರೆ ಮೂರೂವರೆ ಮಿಲಿಮೀಟರಿನಷ್ಟು ಉದ್ದವಾಗುತ್ತದೆ. ಆ ಒಂದು ಗೆರೆ ಸರಿಯಾಗಿದ್ದರೆ ಅದರ ಮೇಲೆ ಕಟ್ಟುವ ತ್ರಿಕೋನಗಳೆಲ್ಲ ಸರಿ. ಅದು ತಪ್ಪಿದರೆ ಎಲ್ಲವೂ ತಪ್ಪು.

“ಹಾಗಾದ್ರೆ ಈ ಅರ್ಧ ಕಿಲೋಮೀಟರ್ ನಮ್ಮ ಗೆರೆ” ಎಂದಳು ಮೊಮ್ಮಗಳು.

ಹುಣಸೆಬೀಜದ ಲೆಕ್ಕ

ಎರಡು ಸಲ ಹೋಗಿ ಎರಡು ಸಲ ಬಂದರೆ 2,000 ಮೀಟರ್. ವಾಚು ಎಣಿಸುವ ಹೆಜ್ಜೆಯೂ ಸರಿಯೇ ಎಂದು ನೋಡಬೇಕಲ್ಲ? ಅದಕ್ಕೆ ಜುಬ್ಬದ ಬಲಜೇಬಿನಲ್ಲಿ ಒಂದು ಹಿಡಿ ಹುಣಸೆಬೀಜ ಹಾಕಿಕೊಂಡೆ. ನೂರು ಹೆಜ್ಜೆ ಆದಾಗ ಒಂದು ಬೀಜ ಎಡಜೇಬಿಗೆ.

ಈ ಉಪಾಯ ನನ್ನದಲ್ಲ. ಟಿಬೆಟ್ಟಿಗೆ ಹೊರಗಿನವರನ್ನು ಬಿಡದಿದ್ದ ಕಾಲದಲ್ಲಿ ಕುಮಾವೋನಿನ ಶಾಲಾಮಾಸ್ತರ ನೈನ್ ಸಿಂಗ್ ರಾವತ್ ವೇಷ ಮರೆಸಿಕೊಂಡು 1865-66ರಲ್ಲಿ ಲ್ಹಾಸಾವರೆಗೆ ನಡೆದರು. ಕೈಯಲ್ಲಿದ್ದ ಜಪಮಾಲೆಗೆ 108 ಮಣಿಯ ಬದಲು 100 ಮಣಿ. ನೂರು ಹೆಜ್ಜೆಗೆ ಒಂದು ಮಣಿ ಜಾರಿಸುವುದು. ನೋಡಿದವರಿಗೆ ಜಪ, ಅವರಿಗೆ ಸರ್ವೆ! 2,000 ಹೆಜ್ಜೆಗೆ ಒಂದು ಮೈಲಿ ಬರುವಂತೆ ಕಾಲನ್ನೇ ಪಳಗಿಸಿದ್ದರು. ಒಂದು ಸುತ್ತು ಮಾಲೆ ಮುಗಿದರೆ 5 ಮೈಲಿ.

ನಮ್ಮ ಫಲಿತಾಂಶ ಹೀಗಿತ್ತು. ಹುಣಸೆಬೀಜದ ಲೆಕ್ಕದಲ್ಲಿ 3,451 ಹೆಜ್ಜೆ. ವಾಚಿನಲ್ಲಿ 3,436. ಬರೀ 15 ಹೆಜ್ಜೆ ವ್ಯತ್ಯಾಸ, ನೂರಕ್ಕೆ ಅರ್ಧವೂ ಇಲ್ಲ. ಭೇಷ್! ಆದರೆ ದೂರ? ನಡೆದದ್ದು 2 ಕಿ.ಮೀ., ವಾಚು ಹೇಳಿದ್ದು 2.42 ಕಿ.ಮೀ.

ಮೊಮ್ಮಗಳು ನೋಟ್‌ಬುಕ್ಕಿನಲ್ಲಿ ಭಾಗಾಕಾರ ಮಾಡಿದಳು. 2,000 ಮೀಟರನ್ನು 3,451ರಿಂದ ಭಾಗಿಸಿದರೆ ನನ್ನ ಒಂದು ಹೆಜ್ಜೆ 58 ಸೆಂಟಿಮೀಟರ್. ಆದರೆ ವಾಚು ನನ್ನ ಹೆಜ್ಜೆಯನ್ನು 70 ಸೆಂಟಿಮೀಟರ್ ಎಂದುಕೊಂಡಿತ್ತು.

ಹಾಗೇಕೆ? ವಾಚಿನೊಳಗೆ ಹೆಸರುಕಾಳಿಗಿಂತ ಚಿಕ್ಕದೊಂದು ಚಿಪ್ ಇದೆ, ಅದರ ಹೆಸರು ಅಕ್ಸೆಲೆರೋಮೀಟರ್. ಬಸ್ಸು ಬ್ರೇಕ್ ಹಾಕಿದಾಗ ನಾವು ಮುಂದಕ್ಕೆ ವಾಲುತ್ತೇವಲ್ಲ, ಅಂಥ ಜಗ್ಗಾಟವನ್ನು ಅದು ಗುರುತಿಸುತ್ತದೆ. ಫೋನ್ ಅಡ್ಡ ಹಿಡಿದರೆ ಚಿತ್ರವೂ ಅಡ್ಡ ತಿರುಗುವುದು ಇಂಥದೇ ಚಿಪ್‌ನಿಂದ. ನಡೆಯುವಾಗ ಕೈ ಬೀಸುವ ಲಯ ನೋಡಿ ಅದು ಹೆಜ್ಜೆ ಎಣಿಸುತ್ತದೆ. ಹೆಜ್ಜೆಯ ಉದ್ದ ಮಾತ್ರ ಅದಕ್ಕೆ ಕಾಣುವುದಿಲ್ಲ. ನಾವು ಮೊದಲು ತುಂಬಿಸಿದ ಎತ್ತರ ನೋಡಿ, ಅದರ ನೂರಕ್ಕೆ 41-42 ಭಾಗ ಒಂದು ಹೆಜ್ಜೆ ಎಂದು ಅಂದಾಜು ಮಾಡುತ್ತದೆ. ನನ್ನ ಎತ್ತರ 170 ಸೆಂಟಿಮೀಟರ್. ಮೂವತ್ತು ವರ್ಷದ ಹಿಂದಿನ ನನ್ನ ಕಾಲಿಗೆ ಆ ಅಂದಾಜು ಸರಿಯಿತ್ತೋ ಏನೋ. 68ರ, ಸ್ಟೆಂಟ್ ಹಾಕಿಸಿಕೊಂಡ, ಜಾರಿಬಿದ್ದೇನೆಂದು ಹುಷಾರಾಗಿ ಕಾಲಿಡುವ ತಾತನ ಹೆಜ್ಜೆ ಅದಕ್ಕೆ ಹೇಗೆ ತಿಳಿಯಬೇಕು?

ಅಜ್ಜಿಯ ಮುದ್ದೆ ನಡಿಗೆ

ಮನೆಗೆ ಬಂದಮೇಲೂ ಮೊಮ್ಮಗಳ ಪರೀಕ್ಷೆ ನಿಲ್ಲಲಿಲ್ಲ. ವಾಚನ್ನು ಅಜ್ಜಿಯ ಕೈಗೆ ಕಟ್ಟಿದಳು. ಅಜ್ಜಿ ಒಲೆಯ ಮುಂದೆ ನಿಂತಲ್ಲೇ ನಿಂತು ರಾಗಿಮುದ್ದೆಗೆ ಕೋಲು ಹಾಕಿ ತಿರುವಿ ಮುಗಿಸುವಷ್ಟರಲ್ಲಿ 112 ಹೆಜ್ಜೆ ನಡೆದಿದ್ದಳು!

“ನೋಡಿದ್ರಾ ರೀ, ನಾನು ಅಡುಗೆಮನೇಲೇ ದಿನಾ ಎಷ್ಟು ಮೈಲಿ ನಡೀತೀನಿ ಅಂತ” ಎಂದಳು ಅಜ್ಜಿ.

ಇದಕ್ಕೆ ತದ್ವಿರುದ್ಧವಾದದ್ದೂ ಆಯಿತು. ಮೊಮ್ಮಗಳು ವಾಚು ಕಟ್ಟಿಕೊಂಡು, ಆ ಕೈಯನ್ನು ಅಲ್ಲಾಡಿಸದೆ ನೀರಿನ ಕೊಡ ಹಿಡಿದು ಅಂಗಳದಲ್ಲಿ 100 ಹೆಜ್ಜೆ ನಡೆದಳು. ವಾಚು ಎಣಿಸಿದ್ದು 37. ಕೈ ಅಲ್ಲಾಡದಿದ್ದರೆ ಅದರ ಪಾಲಿಗೆ ನಡಿಗೆಯೇ ಇಲ್ಲ.

ಸಂಜೆ ಮತ್ತೆ ದ್ರಾಕ್ಷಿತೋಟದ ಗೆರೆಗೆ ಹೋಗಿ ಫೋನಿನ ಜಿಪಿಎಸ್ ಪರೀಕ್ಷಿಸಿದೆವು. ನೆಲದಿಂದ ಸುಮಾರು 20,000 ಕಿ.ಮೀ. ಮೇಲೆ ಸುತ್ತುವ ಉಪಗ್ರಹಗಳ ಸಂಕೇತ ಹಿಡಿದು ನಾವೆಲ್ಲಿದ್ದೇವೆಂದು ಹೇಳುವ ವ್ಯವಸ್ಥೆ ಅದು. ನಮ್ಮ 2 ಕಿ.ಮೀ.ಗೆ ಅದು 2.03 ತೋರಿಸಿತು. ಬಯಲಿನಲ್ಲಿ ಅದು ವಾಚಿನ ಅಂದಾಜಿಗಿಂತ ವಾಸಿ. ಆದರೆ ಬಂಡೆ, ಮರಗಳ ನಡುವೆ ಸಂಕೇತ ಅಡ್ಡಾದಿಡ್ಡಿಯಾಗುತ್ತದೆ. ಹಾವಿನಂಥ ಕಾಲುದಾರಿಯ ಅಂಕುಡೊಂಕುಗಳನ್ನು ಅದು ನೇರಗೆರೆ ಮಾಡಿಬಿಡುವುದೂ ಉಂಟು.

“ಬೆಟ್ಟ ಹತ್ತುವಾಗ ಇಳಿಜಾರಿಗೇ ದೂರ ಜಾಸ್ತಿ ಆಗತ್ತಲ್ವಾ?” ಎಂದು ಅವಳು ಕೇಳಿದಳು. ಪೈಥಾಗೊರಸ್ ಪ್ರಮೇಯ ಬಳಸಿ ಲೆಕ್ಕ ಮಾಡು ಎಂದೆ. ಅಡ್ಡಕ್ಕೆ 1,000 ಮೀಟರ್, ಮೇಲಕ್ಕೆ 150 ಮೀಟರ್ ಆದರೆ ಓರೆಯ ದಾರಿ 1,011 ಮೀಟರ್. ಬರೀ 11 ಮೀಟರ್ ಹೆಚ್ಚು! ಕಾಲಿಗೆ ಮಾತ್ರ ಎರಡು ಪಟ್ಟು ಅನ್ನಿಸುತ್ತದೆ. ನಕಾಶೆಗೆ ಉಸಿರಾಟದ ಲೆಕ್ಕ ಗೊತ್ತಿಲ್ಲ.

ಡಾಕ್ಟರಿಗೆ ಹೇಳುವುದೋ ಬಿಡುವುದೋ

ಊಟವಾದ ಮೇಲೆ ಅವಳು ಕೊನೆಯ ಲೆಕ್ಕ ಮಾಡಿದಳು. ದಿನಾ ವಾಚು 4 ಕಿ.ಮೀ. ತೋರಿಸುವಾಗ ನಾನು ನಿಜಕ್ಕೂ ಎಷ್ಟು ನಡೆಯುತ್ತಿದ್ದೆ? ಸುಮಾರು 5,680 ಹೆಜ್ಜೆ, ಒಂದಕ್ಕೆ 58 ಸೆಂಟಿಮೀಟರ್. ಅಂದರೆ 3.3 ಕಿ.ಮೀ.

ಇಬ್ಬರೂ ಸುಮ್ಮನಾದೆವು. ನಾಡಿದ್ದು ತಪಾಸಣೆ. ಡಾಕ್ಟರು ವಾಚು ನೋಡಿ 4 ಎಂದು ಬರೆದುಕೊಂಡರೆ ಬೆಟ್ಟ. ಸತ್ಯ ಹೇಳಿದರೆ ಬೆಟ್ಟ ಇಲ್ಲ.

“ತಾತ, ಡಾಕ್ಟರ್‌ಗೆ ಹೇಳ್ತೀಯಾ?” ಎಂದು ಮೆಲ್ಲಗೆ ಕೇಳಿದಳು. ಬೆಟ್ಟಕ್ಕೆಂದು ಹೊಸ ಶೂ ಕೊಂಡುಕೊಂಡು ಬಂದಿದ್ದ ಹುಡುಗಿ ಅವಳು.

ನನಗೂ ಒಂದು ಗಳಿಗೆ ಆಸೆಯಾದದ್ದು ಸುಳ್ಳಲ್ಲ. ಮುಕ್ಕಾಲು ಕಿಲೋಮೀಟರ್ ತಾನೇ, ಏನಾಗುತ್ತದೆ? ಆದರೆ 5 ಅಡಿ ಒಳಗೆ ನೆಟ್ಟಿದ್ದ ಆ ಬಾಂದುಕಲ್ಲು ಕಣ್ಣಮುಂದೆ ಬಂತು. ಅಂದು ಬೇರೆಯವರ ಹೊಲಕ್ಕೆ ತಪ್ಪು ಅಳತೆ ಕೊಟ್ಟಾಗ ರಾತ್ರಿಯೆಲ್ಲ ನಿದ್ದೆ ಬಂದಿರಲಿಲ್ಲ. ನನ್ನ ಎದೆಗೇ ತಪ್ಪು ಅಳತೆ ಕೊಡುವುದೇ?

ಡಾಕ್ಟರ ಮುಂದೆ ನೋಟ್‌ಬುಕ್ ಇಟ್ಟೆ. ಅವರು ಪುಟ ತಿರುವಿ, ಹುಣಸೆಬೀಜದ ಲೆಕ್ಕ ಓದಿ ನಕ್ಕರು. ಆಮೇಲೆ ತಮ್ಮದೇ ಒಂದು ಅಳತೆ ತೋರಿಸಿದರು. ಅದು ಆರು ನಿಮಿಷದ ನಡಿಗೆ ಪರೀಕ್ಷೆ. ಆಸ್ಪತ್ರೆಯ ಉದ್ದ ಪಡಸಾಲೆಯಲ್ಲಿ 30 ಮೀಟರಿಗೆ ಗುರುತು ಹಾಕಿರುತ್ತಾರೆ. ನಮ್ಮ ಪಾಡಿಗೆ ನಾವು ಹೋಗಿಬಂದು ಮಾಡಬೇಕು. ಆರು ನಿಮಿಷದಲ್ಲಿ ನಾನು 13 ಸಲ, ಅಂದರೆ 390 ಮೀಟರ್ ನಡೆದೆ. ಇಲ್ಲಿ ಯಾವ ವಾಚೂ ಇಲ್ಲ, ನೆಲದ ಮೇಲಿನ ಗೆರೆ ಮತ್ತು ಗಡಿಯಾರ ಅಷ್ಟೆ.

“ಚೆನ್ನಾಗಿದೆ. ಆದರೆ ಈ ದಸರಾಗೆ ಬೆಟ್ಟ ಬೇಡ” ಎಂದರು. “ವಾರವಾರ ಸ್ವಲ್ಪ ಸ್ವಲ್ಪ ಹೆಚ್ಚಿಸಿ. ಡಿಸೆಂಬರ್‌ನಲ್ಲಿ ಮತ್ತೆ ಬನ್ನಿ. ನೀವು 4 ಅಂದಿದ್ದರೆ ನಾನು ಹೂಂ ಅಂದುಬಿಡುತ್ತಿದ್ದೆ ನೋಡಿ.”

ಬಸ್ಸಿನಲ್ಲಿ ಬರುವಾಗ ಮೊಮ್ಮಗಳು ಕಿಟಕಿಯ ಕಡೆ ಮುಖ ಮಾಡಿಕೊಂಡಿದ್ದಳು. ಚಿಕ್ಕಬಳ್ಳಾಪುರ ಬಂದಾಗ ತಿರುಗಿ, “ಡಿಸೆಂಬರ್‌ನಲ್ಲಿ ಮೋಡ ಜಾಸ್ತಿ ಇರತ್ತಂತೆ ತಾತ” ಎಂದಳು.

ಬೆಟ್ಟದ ಮೇಲೆ

ಡಿಸೆಂಬರ್ ಹೊತ್ತಿಗೆ ನಾನು ನಿಜವಾದ 4 ಕಿ.ಮೀ. ನಡೆಯುತ್ತಿದ್ದೆ. ವಾಚಿನ ಆಪ್‌ನಲ್ಲಿ ಹೆಜ್ಜೆಯ ಉದ್ದ 58 ಎಂದು ತಿದ್ದಿದ್ದೆವು. ಡಾಕ್ಟರು ಒಪ್ಪಿದರು, ಒಂದು ಷರತ್ತಿನ ಮೇಲೆ: ಮಾತಾಡುತ್ತಾ ನಡೆಯಲು ಆಗದಷ್ಟು ಉಸಿರು ಕಟ್ಟಿದರೆ ಅಲ್ಲೇ ನಿಲ್ಲಬೇಕು. ಅರಣ್ಯ ಇಲಾಖೆಯ ಟಿಕೆಟ್ ಮಾಡಿಸಿಕೊಂಡು ಮಗ, ಸೊಸೆ, ಮೊಮ್ಮಗಳು, ನಾನು ಹೊರಟೆವು.

ಅರ್ಧ ದಾರಿಯವರೆಗೆ ಹಳೆಯ ಕಥೆಗಳನ್ನೆಲ್ಲ ಹೇಳಿಕೊಂಡು ಹತ್ತಿದೆ. ಇನ್ನೂ ಸ್ವಲ್ಪ ಮೇಲೆ ಹೋದಾಗ ಒಂದು ಕಥೆ ಮಧ್ಯಕ್ಕೇ ನಿಂತಿತು. ಮೊಮ್ಮಗಳು ಗಮನಿಸಿದಳು. “ತಾತ, ಮಾತು ನಿಂತ್ಹೋಯ್ತು. ಕೂತ್ಕೋ.”

ಬಂಡೆಯ ಮೇಲೆ ಕೂತೆ. ವಾಚು 3.6 ಕಿ.ಮೀ. ಎಂದಿತು. ತುದಿ ಇನ್ನೂ ಎಷ್ಟೋ ಮೇಲಿತ್ತು! ಅವಳು ಟೇಪು ಬಿಚ್ಚಿದಳು. ಏರುದಾರಿಯ 30 ಮೀಟರಿಗೆ ನಾನು 64 ಹೆಜ್ಜೆ ಇಟ್ಟಿದ್ದೆ, ಅಂದರೆ ಹೆಜ್ಜೆಗೆ 47 ಸೆಂಟಿಮೀಟರ್. ಬಯಲಿನ ಹೆಜ್ಜೆ ಬೇರೆ, ಬೆಟ್ಟದ ಹೆಜ್ಜೆ ಬೇರೆ. ಲೆಕ್ಕ ತಿದ್ದಿದಾಗ ನಾನು ಹತ್ತಿದ್ದು 2.9 ಕಿ.ಮೀ. ಆಯಿತು. ಅದೇ 30 ಮೀಟರಿಗೆ ಅವಳದು 60 ಹೆಜ್ಜೆ, ಅರ್ಧರ್ಧ ಮೀಟರ್.

ಮಗ ನನ್ನ ಜೊತೆ ಉಳಿದ. ಹುಣಸೆಬೀಜದ ಚೀಲವನ್ನು ನಾನು ಮೊಮ್ಮಗಳ ಕೈಗಿಟ್ಟೆ. ಅವಳು ಅಮ್ಮನ ಜೊತೆ ಮೇಲೆ ಹೋದಳು. ಮೋಡ ಕರಗುವ ಹೊತ್ತಿಗೆ ಇಳಿದು ಬಂದು, ಕೆಂಪಾದ ಮುಖದಲ್ಲಿ ವರದಿ ಒಪ್ಪಿಸಿದಳು: “2,150 ಹೆಜ್ಜೆ. 1,075 ಮೀಟರ್. ನಿಂದೂ ನಂದೂ ಕೂಡಿದ್ರೆ ಸರಿಯಾಗಿ 4 ಕಿಲೋಮೀಟರ್ ಹತ್ತಿರ ಬರತ್ತೆ ತಾತ!”

ನನ್ನ ಹಳೆಯ ಫೀಲ್ಡ್ ಬುಕ್ಕಿನಲ್ಲಿ ಅವಳ ಕೈಯಲ್ಲೇ ಬರೆಸಿದೆ: ‘ಸ್ಕಂದಗಿರಿ. ಬಾಕಿ 1,075 ಮೀಟರ್.’ ಬೇಸಿಗೆ ಕಳೆದು ಮುಂದಿನ ಚಳಿಗಾಲ ಬರಲಿ. ಎಷ್ಟು ಬಾಕಿಯಿದೆ ಎಂದು ಈಗ ಸರಿಯಾಗಿ ಗೊತ್ತಿದೆಯಲ್ಲ, ನಡೆಯುವುದಷ್ಟೇ ಉಳಿದಿದೆ.

ನೀವೂ ಅಳೆದು ನೋಡಿ

* ವಾಹನಗಳಿಲ್ಲದ ನೇರ, ಸಮತಟ್ಟು ಜಾಗ ಹುಡುಕಿ. ಟೇಪಿನಿಂದ 100 ಮೀಟರ್ ಅಳೆದು ಎರಡೂ ತುದಿಗೆ ಗುರುತು ಹಾಕಿ. ಅಜ್ಜ-ಅಜ್ಜಿ ಒಂದು ತುದಿ ಹಿಡಿಯಲಿ, ಮೊಮ್ಮಕ್ಕಳು ಇನ್ನೊಂದು.
* ವಾಚು ಕಟ್ಟಿಕೊಂಡು ಎಂದಿನಂತೆ ಐದು ಸಲ ಹೋಗಿ, ಐದು ಸಲ ಬನ್ನಿ. ಒಟ್ಟು 1 ಕಿ.ಮೀ. ಹೆಜ್ಜೆಗಳನ್ನು ಬೀಜ ಅಥವಾ ಬೆಣಚುಕಲ್ಲಿನಿಂದ ಎಣಿಸಿ.
* 1,000ವನ್ನು ಹೆಜ್ಜೆಗಳ ಸಂಖ್ಯೆಯಿಂದ ಭಾಗಿಸಿದರೆ ನಿಮ್ಮ ಹೆಜ್ಜೆಯ ಉದ್ದ ಮೀಟರಿನಲ್ಲಿ ಬರುತ್ತದೆ. ಆಪ್‌ನಲ್ಲಿ ಅವಕಾಶವಿದ್ದರೆ ಅದನ್ನೇ ತುಂಬಿಸಿ.
* ಆಟದ ಮೈದಾನದ 400 ಮೀಟರ್ ಟ್ರ್ಯಾಕಿನಲ್ಲಿ ನಡೆಯುವವರು ಒಳಗಿನ ಪಟ್ಟಿಯಲ್ಲೇ ನಡೆಯಿರಿ. ಒಂದು ಪಟ್ಟಿ ಹೊರಕ್ಕೆ ಹೋದರೆ ಸುತ್ತಿಗೆ ಸುಮಾರು ಏಳೂಮುಕ್ಕಾಲು ಮೀಟರ್ ಹೆಚ್ಚಾಗುತ್ತದೆ.
* ದಿನಕ್ಕೆ 10,000 ಹೆಜ್ಜೆ ಆಗಲಿಲ್ಲವೆಂದು ಅಜ್ಜ-ಅಜ್ಜಿ ಕೊರಗಬೇಕಿಲ್ಲ. ಆ ಸಂಖ್ಯೆ ಜನಪ್ರಿಯವಾದದ್ದು 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ‘ಮಾನ್ಪೊಕೆ’ ಎಂಬ ಹೆಜ್ಜೆಮಾಪಕದಿಂದ. ಆ ಹೆಸರಿನ ಅರ್ಥವೇ ‘ಹತ್ತು ಸಾವಿರ ಹೆಜ್ಜೆಯ ಮಾಪಕ’. ನಿಮಗೆ ಎಷ್ಟು ನಡಿಗೆ ಸರಿ ಎಂದು ಹೇಳಬೇಕಾದವರು ನಿಮ್ಮ ಡಾಕ್ಟರು.